ದಿನಾ ಓಡಿಸುವ ಕಾರು, ಟ್ರ್ಯಾಕಿಗೂ ಅದೇ ಕಾರು: ಬ್ರೇಕ್ ಪ್ಯಾಡ್ ಆರಿಸಿದ ನನ್ನ ಅನುಭವ

ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಯಾವ ಬ್ರೇಕ್ ಪ್ಯಾಡ್ ಹಾಕಿಸಲಿ ಅಂತ ಕೇಳಿದರೆ ಸಾಕು, ಎಲ್ಲರ ಬಾಯಲ್ಲೂ ಒಂದೊಂದು ಬ್ರ್ಯಾಂಡ್ ಹೆಸರು ಬರುತ್ತದೆ. ನನ್ನನ್ನೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಲೋಹದ ತಟ್ಟೆ) ಎಷ್ಟು ಬಿಸಿಯಾಗುತ್ತದೆ, ಗೊತ್ತಾ? ಬಹಳ ಜನ ಅಳೆದು ನೋಡಿರುವುದಿಲ್ಲ. ಆ ಒಂದು ಸಂಖ್ಯೆ ಕೈಗೆ ಸಿಕ್ಕರೆ ಪ್ಯಾಡ್ ಆರಿಸುವ ಕೆಲಸ ಅರ್ಧ ಮುಗಿದ ಹಾಗೆ.

ನಾನಿರುವುದು ಪುಣೆಯಲ್ಲಿ. ಕಾರು ಸಣ್ಣ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಆಫೀಸಿಗೂ ಅದೇ, ಸಂತೆಗೂ ಅದೇ, ಊರಿಗೂ ಅದೇ. ಟ್ರ್ಯಾಕಿಗೆ ಅಂದರೆ ಹೆಚ್ಚಾಗಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, 3.7 ಕಿ.ಮೀ. ಉದ್ದದ ಮದ್ರಾಸ್ ಸರ್ಕ್ಯೂಟ್. ಇಲ್ಲಿ ಬೈಪಾಸಿನಲ್ಲಿ ಹತ್ತಿದ 48ನೇ ಹೆದ್ದಾರಿ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ದಾಟಿ ಆ ಟ್ರ್ಯಾಕಿನ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತದೆ, ಹೆಚ್ಚುಕಡಿಮೆ 1,150 ಕಿ.ಮೀ. ಟ್ರೇಲರ್ ಮೇಲೆ ಕಾರು ಸಾಗಿಸುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಅಂದರೆ ನನ್ನ ಪ್ಯಾಡ್ ಖಂಬಾಟ್ಕಿ ಘಾಟೂ ಇಳಿಯಬೇಕು, ಹೆದ್ದಾರಿಯಲ್ಲಿ ಅಡ್ಡ ಬಂದ ಎಮ್ಮೆಗೂ ನಿಲ್ಲಬೇಕು, ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಸಿಯಾದರೂ ಹಿಡಿತ ಬಿಡಬಾರದು, ಮರುದಿನ ಅದೇ ದಾರಿಯಲ್ಲಿ ವಾಪಸ್ ಮನೆಗೂ ಕರೆತರಬೇಕು. ರೇಸ್ ಪ್ಯಾಡ್ ಆಸೆ ಇಲ್ಲಿಗೇ ಬಿಟ್ಟೆ.

ಬ್ರೇಕ್ ಸೋಲುವುದು ಅಂದರೆ ಏನು ಅಂತ ಪುಣೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರು ಗೊತ್ತಲ್ವಾ, ಅಲ್ಲಿ ಬ್ರೇಕ್ ಹಿಡಿಯದೆ ನುಗ್ಗಿದ ಲಾರಿಗಳ ಸುದ್ದಿ ಓದಿಯೇ ಇರುತ್ತೀರಿ. ಬ್ರೇಕ್ ಮಾಡುವ ಕೆಲಸ ಒಂದೇ, ಓಟದ ಶಕ್ತಿಯನ್ನು ಬಿಸಿಯಾಗಿ ಬದಲಿಸುವುದು. ಆ ಬಿಸಿ ಗಾಳಿಗೆ ಹೋಗುವುದಕ್ಕಿಂತ ಬೇಗ ಸೇರುತ್ತಾ ಹೋದರೆ ಲಾರಿಯಾದರೇನು, ಹ್ಯಾಚ್‌ಬ್ಯಾಕ್ ಆದರೇನು, ಕಥೆ ಒಂದೇ.

ಲೆಕ್ಕ ಹಾಕಿ ನೋಡಿ. ನಾನೂ ಸೇರಿ ಕಾರು ಸುಮಾರು 1,200 ಕೆ.ಜಿ. ಊರಲ್ಲಿ ಗಂಟೆಗೆ 80 ಕಿ.ಮೀ. ವೇಗದಿಂದ ಸೊನ್ನೆಗೆ ನಿಲ್ಲಿಸಿದರೆ ಸುಮಾರು 3 ಲಕ್ಷ ಜೂಲ್ ಬಿಸಿ. ಟ್ರ್ಯಾಕಿನಲ್ಲಿ 150ರಿಂದ 70ಕ್ಕೆ ಇಳಿಸಿದರೆ ಅಲ್ಲೂ ಕಳೆದದ್ದು 80 ಕಿ.ಮೀ. ವೇಗವೇ, ಆದರೆ ಬಿಸಿ 8 ಲಕ್ಷ ಜೂಲಿಗೂ ಜಾಸ್ತಿ, ಅಂದರೆ ನಲ್ಲಿಯಿಂದ ಹಿಡಿದ ಎರಡೂವರೆ ಲೀಟರ್ ನೀರು ಕುದಿ ಬರುವಷ್ಟು. ಅದರ ಬಹುಪಾಲು ಮುಂದಿನ ಎರಡು ಡಿಸ್ಕಿಗೇ ಹೋಗುತ್ತದೆ, ಯಾಕೆಂದರೆ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಮಾತ್ರ, ಚಿಕ್ಕದು ಅಂತ ಬ್ರೇಕಿಗೆ ಹಗುರ ಅಂದುಕೊಳ್ಳಬೇಡಿ, ತಿರುವು ತಿರುವಿನ ನಡುವೆ ಡಿಸ್ಕ್ ಆರುವುದಕ್ಕೆ ಹೊತ್ತೇ ಸಿಗುವುದಿಲ್ಲ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಒಂದು ಕಿಲೋಮೀಟರ್ ದಾಟುವ ನೇರ ರಸ್ತೆ ಇದೆ; ಆ ನೇರದಲ್ಲಿ ಡಿಸ್ಕ್ ಆರುತ್ತದೆ ನಿಜ, ಕೊನೆಯಲ್ಲಿ ಬೀಳುವ ಹೊಡೆತ ದೊಡ್ಡದು. ಟ್ರ್ಯಾಕ್ ಬದಲಾದರೆ ಬ್ರೇಕಿಗೆ ಬೀಳುವ ಕೆಲಸವೂ ಬದಲಾಗುತ್ತದೆ.

ನನಗೆ ಸರಿಯಾದ ದಾರಿ ತೋರಿಸಿದ್ದು ಭೋಸರಿಯ ಒಬ್ಬ ಮೆಕ್ಯಾನಿಕ್. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಟ್ರ್ಯಾಕಿನಲ್ಲಿ ಕೊನೆಯ ಸುತ್ತುಗಳಲ್ಲಿ ಬ್ರೇಕ್ ಹೋಯಿತು, ಒಳ್ಳೆ ಪ್ಯಾಡ್ ಬೇಕು ಅಂದೆ. ಅವರು ಪ್ಯಾಡಿನ ಸುದ್ದಿಗೇ ಬರಲಿಲ್ಲ.

“ಪೆಡಲ್ ಮೆತ್ತಗಾಗಿ ಒಳಗ ಹೋತೇನ್ರಿ, ಇಲ್ಲಾ ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲಲಿಲ್ಲೇನ್ರಿ?”

“ಮೆತ್ತಗಾಯ್ತು ಅಣ್ಣಾ. ಎರಡು ಸಲ ಒತ್ತಿದ ಮೇಲೆ ಹಿಡೀತು.”

“ಹಂಗಾರ ಪ್ಯಾಡ್ ಆಮ್ಯಾಲ ನೋಡೂಣ್ರಿ ಸರ. ಆಯಿಲ್ ಕುದ್ದೈತಿ.”

ಇಷ್ಟೇ ಮಾತು, ಆದರೆ ಇಡೀ ವಿಷಯ ಅದರಲ್ಲೇ ಇದೆ. ಪೆಡಲ್ ಸ್ಪಂಜಿನ ಥರ ಮೆತ್ತಗಾಗಿ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿ ತುಂಬಿದೆ ಅಂತ ಅರ್ಥ. ಆವಿ ಅದುಮಿಕೊಳ್ಳುತ್ತದೆ, ನಿಮ್ಮ ಕಾಲಿನ ಒತ್ತಡ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತನಕ ಹೋಗುವುದೇ ಇಲ್ಲ. ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದು ಎಷ್ಟು ತುಳಿದರೂ ಕಾರು ನಿಲ್ಲದೆ ಓಡುತ್ತಲೇ ಇದ್ದರೆ ಪ್ಯಾಡ್ ತನ್ನ ಬಿಸಿಯ ಮಿತಿ ದಾಟಿದೆ. ಮೊದಲನೆಯದಕ್ಕೆ ಎಷ್ಟೇ ದುಬಾರಿ ಪ್ಯಾಡ್ ತಂದರೂ ಪ್ರಯೋಜನ ಇಲ್ಲ.

ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ತಡೆಯಬೇಕು, ತೇವ ಸೇರಿದ್ದು 155 ಡಿಗ್ರಿ ತಡೆದರೂ ಅದು ಪಾಸ್. ನಮ್ಮ ಮುಂಬೈ–ಪುಣೆ ಕಡೆಯ ಮಳೆಗಾಲ ಕಳೆದ ಕಾರಿನಲ್ಲಿ ಯಾವ ಸಂಖ್ಯೆಯ ಹತ್ತಿರ ಇರುತ್ತದೆ ಅಂತ ನೀವೇ ಯೋಚಿಸಿ. ನಾನು ಹಾಕಿಸಿದ್ದು ಮೋಟುಲ್ ಆರ್‌ಬಿಎಫ್ 600, ಹೊಸದಿದ್ದಾಗ 312 ಡಿಗ್ರಿ. ಪ್ರತಿ ಟ್ರ್ಯಾಕ್ ಡೇಗೆ ಮುಂಚೆ ಸೀಲ್ ಒಡೆಯದ ಬಾಟಲಿಯಿಂದ ಬದಲಾಯಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿರುವ ಏರ್ ತೆಗೆಸುತ್ತೇನೆ. ಸಿಲಿಕೋನಿನ ಡಾಟ್ 5 ಮಾತ್ರ ಬೇಡ, ಹೆಸರು ಹತ್ತಿರ ಇದ್ದರೂ ಅದು ಡಾಟ್ 4ರ ಜಾತಿಯದೇ ಆದ ಡಾಟ್ 5.1 ಅಲ್ಲ, ಮಿಕ್ಕ ಆಯಿಲ್ ಜೊತೆ ಬೆರೆಯುವುದೂ ಇಲ್ಲ.

ಆಯಿಲ್ ಸರಿಯಾದ ಮೇಲೆ ಪೆಡಲ್ ಗಟ್ಟಿಯಾಗಿಯೇ ಉಳಿಯಿತು, ಆದರೆ ಕೊನೆಗೆ ಹಿಡಿತ ಕಡಿಮೆಯಾಗುತ್ತಿತ್ತು. ಈಗ ಪ್ಯಾಡಿನ ಸರದಿ. ಅಳೆಯುವುದಕ್ಕೆ ನಾನು ಬಳಸಿದ್ದು ಬಿಸಿಗೆ ಬಣ್ಣ ಬದಲಿಸುವ ಪೇಂಟ್. ಮೂರು ಪುಟ್ಟ ಬಾಟಲಿ: ಹಸಿರು 430 ಡಿಗ್ರಿಯಲ್ಲಿ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ ಬಣ್ಣ ಬಿಡುತ್ತದೆ. ಡಿಸ್ಕಿನ ಹೊರ ಅಂಚು ಚೆನ್ನಾಗಿ ಒರೆಸಿ, ಪ್ಯಾಡ್ ಉಜ್ಜದ ಜಾಗದಲ್ಲಿ ಸಣ್ಣ ಬ್ರಷ್ಷಿನಿಂದ ಒಂದೊಂದು ಗೆರೆ ಎಳೆದು ಒಣಗಲು ಬಿಟ್ಟೆ. ಟ್ರ್ಯಾಕಿನಿಂದ ಬಂದು, ಆರಿದ ಮೇಲೆ ಚಕ್ರ ಬಿಚ್ಚಿ ನೋಡಿದರೆ ಹಸಿರು ಗೆರೆ ಪೂರ್ತಿ ಬೆಳ್ಳಗಾಗಿತ್ತು, ಕಿತ್ತಳೆ ಹಾಗೇ ಇತ್ತು, ಕೆಂಪು ಮುಟ್ಟಿರಲೇ ಇಲ್ಲ. ಅಂದರೆ ನನ್ನ ಡಿಸ್ಕ್ 430 ದಾಟುತ್ತದೆ, 560 ಮುಟ್ಟುವುದಿಲ್ಲ. ಮತ್ತೆ ಹೊಸದಾಗಿ ಬಳಿದು ಘಾಟ್ ರಸ್ತೆಯಲ್ಲಿ ಓಡಿಸಿದೆ, ಹಸಿರು ಹಸಿರಾಗಿಯೇ ಉಳಿಯಿತು.

ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ) ಕೆಲವರು ಇನ್‌ಫ್ರಾರೆಡ್ ಗನ್ ಹಿಡಿದು ಅಳೆಯುತ್ತಾರೆ. ತಪ್ಪಲ್ಲ, ಎಡ–ಬಲ ಹೋಲಿಸಲು ಒಳ್ಳೆಯದು, ಆದರೆ ಕೊನೆಯ ನಿಧಾನದ ಸುತ್ತಿನಲ್ಲಿ ಡಿಸ್ಕ್ ಆಗಲೇ ಆರಿರುತ್ತದೆ, ಹೊಳೆಯುವ ಲೋಹದ ಮೇಲೆ ಆ ಗನ್ ಕಡಿಮೆಯೇ ತೋರಿಸುತ್ತದೆ. ಪೇಂಟ್ ಮಾತ್ರ ಅತಿ ಬಿಸಿಯಾದ ಗಳಿಗೆಯನ್ನು ನೆನಪಿಟ್ಟುಕೊಳ್ಳುತ್ತದೆ.

ಈ ಸಂಖ್ಯೆ ಹಿಡಿದುಕೊಂಡು ಪ್ಯಾಡ್ ಪಟ್ಟಿ ನೋಡಲು ಕೂತರೆ ಗೊಂದಲ ತಾನಾಗಿಯೇ ಕರಗುತ್ತದೆ. ಮಾಮೂಲಿ ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಆದರೆ ನನ್ನ ಡಿಸ್ಕಿನ ಬಿಸಿಗೆ ಅದರ ಅಂಟು ಪದಾರ್ಥ ಸುಟ್ಟು ಗ್ಯಾಸ್ ಬಿಡುತ್ತದೆ. ಊರಿಗೆ ಅಂತಲೇ ಮಾಡಿದ ಸೆರಾಮಿಕ್ ಪ್ಯಾಡ್ ಧೂಳು ಕಡಿಮೆ ಅಂತ ಚೆನ್ನಾಗಿ ಮಾರಾಟವಾಗುತ್ತದೆ. ಹೆಸರು ಕೇಳಿ ಸೂಪರ್‌ಕಾರಿನ ಕಾರ್ಬನ್ ಸೆರಾಮಿಕ್ ಡಿಸ್ಕ್ ನೆನಪಿಸಿಕೊಳ್ಳಬೇಡಿ, ಅದೇ ಬೇರೆ. ಪೂರ್ತಿ ರೇಸ್ ಪ್ಯಾಡ್ ನನ್ನ ಡಿಸ್ಕ್ ಯಾವತ್ತೂ ಮುಟ್ಟದ ಬಿಸಿಯಲ್ಲೂ ಹಿಡಿಯುತ್ತದೆ, ಆದರೆ ಬೆಳಗ್ಗೆ ಮನೆ ಗೇಟಿನಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ತಣ್ಣಗಿರುವಾಗ ಅದಕ್ಕೆ ಹಿಡಿತ ಕಡಿಮೆ. ಎದುರಿಗೆ ಶಾಲೆ ಮಕ್ಕಳ ರಿಕ್ಷಾ ಇರುವಾಗ ನನಗೆ ಅದು ಬೇಡವೇ ಬೇಡ. ಉಳಿದದ್ದು ನಡುವಿನ ಗುಂಪು: ಫೆರೋಡೋ ಡಿಎಸ್2500, ಇಬಿಸಿ ಯೆಲ್ಲೋಸ್ಟಫ್, ಹಾಕ್ ಎಚ್‌ಪಿ ಪ್ಲಸ್ ಥರದವು. ನಾನು ತೆಗೆದುಕೊಂಡದ್ದು ಡಿಎಸ್2500. ತಣ್ಣಗಿದ್ದಾಗಿನಿಂದ ಹಿಡಿದು 500 ಡಿಗ್ರಿ ತನಕ ಹಿಡಿತ ಹೆಚ್ಚು ಏರಿಳಿಯದು ಅನ್ನುವುದೇ ಕಾರಣ, ಬಿಸಿಯಾದಂತೆ ಕಾಲಿನ ಒತ್ತಡ ಬದಲಿಸುತ್ತಾ ಹೋಗಬೇಕಿಲ್ಲ.

ಕೆಲವು ಪ್ಯಾಡಿನ ಅಂಚಿನಲ್ಲಿ ಎಫ್‌ಎಫ್, ಜಿಜಿ ಅಂತ ಎರಡಕ್ಷರ ಅಚ್ಚಾಗಿರುತ್ತದೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿನ ಹಿಡಿತ, ಎರಡನೆಯದು ಜಾಸ್ತಿ ಬಿಸಿಯಲ್ಲಿನದು. ಎಫ್ ಅಂದರೆ ಘರ್ಷಣೆಯ ಅಳತೆ (ಘರ್ಷಣಾ ಗುಣಾಂಕ) 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಅಂಗಡಿಯವರು ಇದನ್ನೇ ತೋರಿಸಿ ‘ಜಿ ಇದೆ, ಟ್ರ್ಯಾಕಿಗೆ ನಡೆಯುತ್ತದೆ’ ಅನ್ನುತ್ತಾರೆ. ಆದರೆ ಆ ಪರೀಕ್ಷೆ ಸುಮಾರು 343 ಡಿಗ್ರಿಗೆ ಮುಗಿಯುತ್ತದೆ. ನನ್ನ ಹಸಿರು ಗೆರೆ ಬೆಳ್ಳಗಾದದ್ದು 430ರಲ್ಲಿ. ಅಲ್ಲಿನ ಸುದ್ದಿ ಆ ಅಕ್ಷರಗಳಲ್ಲಿ ಇಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಒಳ್ಳೆ ಪ್ಯಾಡ್ ಹಾಕಿದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಮ್ಮ ಕಾರಿನ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಒಣ ರಸ್ತೆಯಲ್ಲಿ ಈಗಾಗಲೇ ಕೆಲಸ ಮಾಡುತ್ತಿದ್ದರೆ, ಚಕ್ರ ಲಾಕ್ ಮಾಡುವಷ್ಟು ಬಲ ನಿಮ್ಮ ಮಾಮೂಲಿ ಪ್ಯಾಡಿಗೇ ಇದೆ. ಅಲ್ಲಿಂದ ಮುಂದೆ ದೂರ ಕಡಿಮೆ ಮಾಡುವುದು ಟೈರು. ಟ್ರ್ಯಾಕ್ ಪ್ಯಾಡ್ ಕೊಡುವುದು ಹತ್ತನೇ ಸುತ್ತಿನಲ್ಲೂ ಮೊದಲ ಸುತ್ತಿನ ಬ್ರೇಕ್. ಅದಕ್ಕೇ ಟೈರು ಸವೆದಿದ್ದರೆ ದುಡ್ಡು ಮೊದಲು ಅಲ್ಲಿಗೆ ಹಾಕಿ.

ಹೊಸ ಪ್ಯಾಡ್ ಹಾಕಿ ನೇರ ಟ್ರ್ಯಾಕಿಗೆ ಹೋಗಬಾರದು. ಹೊಸದರಲ್ಲಿ ಮೊದಲ ಸಲ ಕಾದಾಗ ಗ್ಯಾಸ್ ಬಿಟ್ಟು ಹಿಡಿತ ತಪ್ಪುತ್ತದೆ, ಮೇಲಾಗಿ ಪ್ಯಾಡಿನ ಪದಾರ್ಥ ಡಿಸ್ಕ್ ಮೇಲೆ ತೆಳ್ಳಗೆ ಒಂದೇ ಸಮ ಹರಡಬೇಕು. ನಾನು ಹಳೆಯ ಡಿಸ್ಕನ್ನು ಗಾರ್ನೆಟ್ ಕಾಗದದಿಂದ (ಒಂದು ಬಗೆಯ ಉಜ್ಜು ಕಾಗದ) ತಿಕ್ಕಿ ಹಳೇ ಪದರ ತೆಗೆದೆ. ಭಾನುವಾರ ನಸುಕಿನಲ್ಲಿ ಚಾಕಣ ಎಂಐಡಿಸಿ ಕೈಗಾರಿಕಾ ಪ್ರದೇಶದ ಅಗಲ ರಸ್ತೆ ಖಾಲಿ ಇರುವಾಗ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 80ರಿಂದ 20ಕ್ಕೆ ಗಟ್ಟಿಯಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸುವುದು, ಹೀಗೇ ಸುಟ್ಟ ವಾಸನೆ ಬರುವ ತನಕ. ಆಮೇಲೆ ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ ಆರಿಸಿದೆ. ಬಿಸಿ ಪ್ಯಾಡನ್ನು ನಿಂತ ಡಿಸ್ಕಿಗೆ ಒತ್ತಿ ಹಿಡಿದರೆ ಆ ಜಾಗದಲ್ಲಿ ಪದಾರ್ಥ ದಪ್ಪಗೆ ಅಂಟುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಸ್ಟೀರಿಂಗ್ ನಡುಗುತ್ತದೆ. ‘ಡಿಸ್ಕ್ ಬಾಗಿದೆ’ ಅಂತ ಗ್ಯಾರೇಜಿನಲ್ಲಿ ಹೇಳುವುದು ಬಹಳ ಸಲ ಇದನ್ನೇ.

ಟ್ರ್ಯಾಕಿನಿಂದ ಒಳಗೆ ಬಂದ ಮೇಲೂ ಇದೇ ನಿಯಮ. ಕೊನೆಯ ಸುತ್ತು ಬ್ರೇಕ್ ಹೆಚ್ಚು ಬಳಸದೆ ಓಡಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಊರಿನ ಓಡಾಟದಲ್ಲಿ ಈ ಪ್ಯಾಡ್ ಜೊತೆ ಬದುಕುವುದು ಕಷ್ಟ ಏನಲ್ಲ. ಸಿಗ್ನಲ್‌ನಲ್ಲಿ ನಿಧಾನ ಮಾಡುವಾಗ ಸ್ವಲ್ಪ ಕಿರ್ ಅನ್ನುತ್ತದೆ, ಅಲಾಯ್ ಮೇಲೆ ಕಪ್ಪು ಧೂಳು ಕೂರುತ್ತದೆ, ತೊಳೆಯದೆ ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿನಲ್ಲಿ ಬಹಳ ಹೊತ್ತು ಬ್ರೇಕ್ ಒತ್ತದೆ ಓಡಿಸಿದರೆ ಡಿಸ್ಕ್ ಮೇಲೆ ನೀರು ನಿಂತು ಮೊದಲ ಒತ್ತು ತಡವಾಗಿ ಹಿಡಿಯುತ್ತದೆ, ಇದು ಯಾವ ಪ್ಯಾಡಿಗಾದರೂ ಇದ್ದದ್ದೇ. ತಿರುವು ಬರುವ ಮುಂಚೆ ಒಮ್ಮೆ ಹಗುರಾಗಿ ಒತ್ತಿ ಒಣಗಿಸಿಕೊಳ್ಳುತ್ತೇನೆ.

ಟ್ರ್ಯಾಕಿಗೆ ಹೋಗುವ ಮುಂಚೆ ಪ್ರತಿ ಸಲ ಪ್ಯಾಡಿನ ದಪ್ಪ ನೋಡುತ್ತೇನೆ, ಹೊರಗಿನದು ಮಾತ್ರ ಅಲ್ಲ, ಒಳಗಿನದೂ, ಯಾಕೆಂದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವ ಒಳಗಿನ ಪ್ಯಾಡೇ ಹೆಚ್ಚಾಗಿ ಬೇಗ ಸವೆಯುತ್ತದೆ. ಪ್ಯಾಡ್ ತೆಳ್ಳಗಾದಷ್ಟೂ ಡಿಸ್ಕಿನ ಬಿಸಿ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್‌ಗೆ ಬೇಗ ಇಳಿಯುತ್ತದೆ. ಅದಕ್ಕೆ ಅರ್ಧ ಸವೆದರೆ ಟ್ರ್ಯಾಕಿಗೆ ಬಳಸುವುದಿಲ್ಲ, ಹೊಸ ಸೆಟ್ ತರಿಸುತ್ತೇನೆ. ಬಿಚ್ಚಿದ ಅರ್ಧ ಪ್ಯಾಡಿಗೆ ಎಡ–ಬಲ, ಒಳಗೆ–ಹೊರಗೆ ಅಂತ ಮಾರ್ಕರ್‌ನಲ್ಲಿ ಬರೆದು ಎತ್ತಿಟ್ಟು, ಟ್ರ್ಯಾಕಿಗೆ ಹೋಗದ ಮಳೆಗಾಲದ ತಿಂಗಳುಗಳಲ್ಲಿ ಅದನ್ನೇ ಹಾಕಿಕೊಳ್ಳುತ್ತೇನೆ. ಎರಡೂ ಒಂದೇ ಕಾಂಪೌಂಡ್ (ಪ್ಯಾಡಿನ ಪದಾರ್ಥದ ಮಿಶ್ರಣ) ಆದ್ದರಿಂದ ಡಿಸ್ಕ್ ಮೇಲಿನ ಪದರ ಕೆಡುವುದಿಲ್ಲ, ಮತ್ತೆ ತಿಕ್ಕುವ ಕೆಲಸವೂ ಇಲ್ಲ.