ಹಿತ್ತಲ ನಿಂಬೆಗೆ ಚಳಿಗಾಲದಲ್ಲಿ ಬೇಕಿರುವುದು ಬಾಯಾರಿಕೆ

ಬೆಂಗಳೂರಿನ ಚಳಿಗೆ ನಿಂಬೆ ಗಿಡ ಸಾಯುವುದಿಲ್ಲ. ಜನವರಿಯ ಬೆಳಗಿನ ಜಾವವೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. 1884ರ ಜನವರಿಯಲ್ಲಿ 7.8ಕ್ಕೆ ಇಳಿದಿದ್ದೇ ಊರಿನ ದಾಖಲೆ. ಗೋಣಿಚೀಲ ಹೊದಿಸಬೇಕಿಲ್ಲ. ಇಲ್ಲಿ ಗಿಡ ಕೆಡುವುದು ದಿನಾ ಪೈಪು ಹಿಡಿಯುವ ಅತಿ ಪ್ರೀತಿಯಿಂದ.

ಮಣ್ಣು ಸದಾ ಒದ್ದೆಯಿದ್ದರೆ ನಿಂಬೆ ಚಿಗುರುತ್ತಲೇ ಇರುತ್ತದೆ, ಹೂ ಬಿಡುವುದಿಲ್ಲ. ಹಿಂಗಾರು ಮಳೆ ನಿಂತ ಮೇಲೆ, ಡಿಸೆಂಬರ್ ಎರಡನೇ ವಾರದಿಂದ ನೀರು ಪೂರ್ತಿ ನಿಲ್ಲಿಸಿ. ಮರಳು ಬೆರೆತ ಕೆಂಪು ಮಣ್ಣಿಗೆ ಮೂರು ವಾರ ಸಾಕು, ಜಿಗುಟು ಮಣ್ಣಿಗೆ ನಾಲ್ಕೈದು ಬೇಕು. ಮಧ್ಯಾಹ್ನ ಬಾಡಿದ ಎಲೆ ಬೆಳಿಗ್ಗೆ ನೆಟ್ಟಗಾಗುತ್ತಿದ್ದರೆ ಇನ್ನೂ ಕಾಯಬಹುದು. ಬೆಳಿಗ್ಗೆಯೂ ಮುದುಡಿದ್ದು, ಕಾಲು ಭಾಗ ಎಲೆ ಉದುರಿದರೆ ಅಲ್ಲಿಗೆ ಉಪವಾಸ ನಿಲ್ಲಿಸಿ. ಬಚ್ಚಲ ನೀರು ಬುಡಕ್ಕೆ ಹರಿಯುತ್ತಿದ್ದರೆ ಮೊದಲು ಅದನ್ನು ಬೇರೆಡೆಗೆ ತಿರುಗಿಸಿ, ಇಲ್ಲದಿದ್ದರೆ ಈ ಉಪವಾಸವೆಲ್ಲ ದಂಡ. ಮೂರು ವರ್ಷ ತುಂಬದ ಗಿಡ, ಕುಂಡದ ಗಿಡ, ಮೈತುಂಬ ಕಾಯಿ ಹೊತ್ತ ಗಿಡ ಇವಕ್ಕೆ ಈ ಕ್ರಮ ಬೇಡ.

ಈ ಬಿಡುವಿನಲ್ಲೇ ಕತ್ತರಿ ಕೆಲಸ ಮುಗಿಸಿ. ಒಣಗಿದ ಕಡ್ಡಿ, ಕಜ್ಜಿ ಹತ್ತಿದ ರೆಂಬೆ, ನೆಟ್ಟಗೆ ಮೇಲೇರುವ ದಪ್ಪ ಚಿಗುರು, ಕಸಿ ಗಂಟಿನ ಕೆಳಗೆ ಒಡೆದದ್ದು, ಎಲ್ಲ ಹೋಗಲಿ. ಕತ್ತರಿಸಿದ ಗಾಯಕ್ಕೂ ನೆಲದಿಂದ ಎರಡಡಿ ಎತ್ತರದವರೆಗಿನ ಕಾಂಡಕ್ಕೂ ಬೋರ್ಡೋ ಮುಲಾಮು ಬಳಿಯಿರಿ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ, ಎರಡೂ ಕರಗಿ ತಣ್ಣಗಾದ ಮೇಲೆ ಒಟ್ಟಿಗೆ ಸುರಿದು ಕಲಸಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಲಿ, ಕೈಗೆ ಗ್ಲೌಸ್ ಇರಲಿ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ.

ಸಂಕ್ರಾಂತಿ ಹೊತ್ತಿಗೆ ಉಪವಾಸ ಬಿಡಿಸಿ. ಐದು ವರ್ಷ ದಾಟಿದ ಗಿಡಕ್ಕೆ 10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ. ಬುಡಕ್ಕಲ್ಲ, ಕೊಂಬೆಗಳ ತುದಿ ಬರುವ ಜಾಗದ ನೇರ ಕೆಳಗೆ ಸುತ್ತಲೂ ಮಣ್ಣು ಕೆದರಿ ಹಾಕಬೇಕು. ನೀರು, ಗೊಬ್ಬರ ಹೀರುವ ಎಳೆ ಬೇರುಗಳು ಅಲ್ಲಿರುತ್ತವೆ. ಮೊದಲ ದಿನ ಒಂದೇ ಬಕೆಟ್ ನೀರು, ನಾಲ್ಕು ದಿನ ಬಿಟ್ಟು ಎರಡು, ಆಮೇಲೆ ಆರೇಳು ದಿನಕ್ಕೊಮ್ಮೆ ಎರಡು ಮೂರು ಬಕೆಟ್. ಒಮ್ಮೆಲೇ ಕೆರೆ ಮಾಡಿದರೆ ಹೂವಿನ ಬದಲು ಚಿಗುರೇ ನುಗ್ಗುತ್ತದೆ. ಕಾಂಡದ ಸುತ್ತ ಮಣ್ಣು ಏರಿಸಿ ನೀರು ತಾಗದಂತೆ ಮಾಡಿ, ತಾಗಿದರೆ ತೊಗಟೆ ಕೊಳೆತು ಅಂಟು ಸೋರುತ್ತದೆ.

ಹೊಸ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣ ಅಥವಾ ಸತುವಿನ ಕೊರತೆ. ಬೋರ್‌ವೆಲ್‌ನ ಗಡಸು ನೀರು ಕುಡಿಯುವ ಗಿಡಗಳಲ್ಲಿ ಇದು ಮಾಮೂಲು. ಲಘುಪೋಷಕಾಂಶದ ಮಿಶ್ರಣವನ್ನು ಪೊಟ್ಟಣದ ಮೇಲಿನ ಅಳತೆಯಂತೆ ಎಲೆಗೆ ಸಿಂಪಡಿಸಿ, ಮಣ್ಣಿಗೆ ಸುರಿದರೆ ಪ್ರಯೋಜನ ಕಡಿಮೆ. ಎಳೆ ಎಲೆಯ ಮೇಲೆ ಬೆಳ್ಳಗೆ ರಂಗೋಲಿ ಎಳೆದಂತಿದ್ದರೆ ಒಳಗೆ ಹುಳುವಿದೆ: ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಹೊಡೆಯಿರಿ. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುವಿಗೆ ಔಷಧಿ ಯಾಕೆ, ಕೈಯಲ್ಲೇ ಹೆಕ್ಕಬಹುದು.

ಫೆಬ್ರವರಿಯಲ್ಲಿ ಹೂ ಬಂದಾಗ ಸಿಂಪರಣೆ ನಿಲ್ಲಿಸಿ, ಜೇನ್ನೊಣಗಳು ಬರಲಿ. ಕಾಯಿ ಕಡಲೆ ಗಾತ್ರವಾದಾಗ ಮಣ್ಣು ಒಣಗಿಸಿ ಮತ್ತೆ ನೆನೆಸಿದಿರೋ, ಅರ್ಧಕ್ಕರ್ಧ ಉದುರುತ್ತದೆ. ಅದಕ್ಕೇ ಬುಡದಿಂದ ಒಂದು ಗೇಣು ಬಿಟ್ಟು ಮೂರು ಇಂಚು ತರಗೆಲೆ ಹಾಸಿಡಿ.