ಮೆಣಸಿನಕಾಯಿ ಪೇಟೆಯಲ್ಲಿ ನಾನು ಕಲಿತ ಬ್ಯಾಕೆಂಡ್

ಒಂದೇ ಲಾಟ್‌ಗೆ (ರೈತ ಮಾರಾಟಕ್ಕಿಟ್ಟ ಮಾಲಿನ ಒಂದು ಗುಂಪಿಗೆ) ಎರಡು ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಎರಡು ಚೀಟಿ, ಬಂದಿತ್ತು. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ಎರಡನ್ನೂ ನನ್ನ ಕೈಗಿಟ್ಟರು. "ತಮ್ಮಾ, 12 ಚೀಲ ತಂದ ರೈತಗ 24 ಚೀಲದ ರೊಕ್ಕ ಎಲ್ಲಿಂದ ಕೊಡ್ಲಿ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಪಟ್ಟಿ ಮಾಡಿದ ಸಾಫ್ಟ್‌ವೇರಿನ ಬ್ಯಾಕೆಂಡ್, ಅಂದರೆ ಸರ್ವರ್ ಕಡೆಯ ಕೋಡ್, ಪೂರ್ತಿ ನಾನೇ ಬರೆದದ್ದು. ಕೆಲಸಕ್ಕೆ ಸೇರಿ ಆಗ ಮೂರು ತಿಂಗಳಾಗಿತ್ತು.

ನಾನು ಗದಗ ಕಡೆಯವನು. ಇಂಜಿನಿಯರಿಂಗ್ ಓದಿದ್ದು ಹುಬ್ಬಳ್ಳಿಯಲ್ಲಿ. ಜೊತೆಯವರು ಹೆಚ್ಚಿನವರು ಬೆಂಗಳೂರಿಗೆ ಹೋದರು. ನಾನು ವಿದ್ಯಾನಗರದಲ್ಲಿ ಬಾಡಿಗೆ ಮನೆಯ ಮಹಡಿ ಮೇಲೆ ಶುರುವಾಗಿದ್ದ ನಾಲ್ಕು ಜನರ ಸ್ಟಾರ್ಟಪ್ ಸೇರಿದೆ. ದಲಾಲಿ ಅಂಗಡಿಯ ಲೆಕ್ಕವನ್ನು ಫೋನಿಗೆ ತರುವುದು ನಮ್ಮ ಕೆಲಸ. ರೈತರ ಹೆಸರು, ಲಾಟ್ ನಂಬರು, ಚೀಲ, ಟೆಂಡರ್ ದರ, ತೂಕ, ಕೊನೆಗೆ ಪಟ್ಟಿ. ಹೇಳಲು ಇಷ್ಟೇ. ಮಾಡಲು ಕೂತಾಗ ಗೊತ್ತಾಯಿತು.

ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕೂ ಜಾಸ್ತಿ ಚೀಲ ಬರುವುದುಂಟು. ಅಷ್ಟು ಜನ ಸೇರಿದರೆ ಮೊಬೈಲ್ ನೆಟ್‌ವರ್ಕ್ ತೆವಳುತ್ತದೆ. ದಿವಾನಜಿ ಬಟನ್ ಒತ್ತಿದ್ದಾರೆ, ಉತ್ತರ ಬಂದಿಲ್ಲ, ಮತ್ತೆ ಒತ್ತಿದ್ದಾರೆ. ಯಾರಾದರೂ ಒತ್ತುತ್ತಾರೆ, ಅಲ್ವಾ? "ಈ ಲಾಟ್ ಮೊದಲೇ ಇದೆಯಾ ನೋಡು, ಇಲ್ಲದಿದ್ದರೆ ಸೇರಿಸು" ಎಂದು ನಾನು ಕೋಡ್‌ನಲ್ಲಿ ಬರೆದಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ಎರಡು ರಿಕ್ವೆಸ್ಟ್ (ಫೋನು ಸರ್ವರಿಗೆ ಕಳಿಸುವ ಕೋರಿಕೆ) ಒಟ್ಟೊಟ್ಟಿಗೆ ಬಂದವು. ಎರಡೂ ನೋಡಿದವು, ಎರಡಕ್ಕೂ "ಇಲ್ಲ" ಎಂಬ ಉತ್ತರ ಸಿಕ್ಕಿತು, ಎರಡೂ ಸೇರಿಸಿದವು. ನನ್ನ ಲ್ಯಾಪ್‌ಟಾಪಿನಲ್ಲಿ ನಾನೊಬ್ಬನೇ ಪರೀಕ್ಷೆ ಮಾಡುವಾಗ ಇದು ಒಮ್ಮೆಯೂ ಕಾಣಲಿಲ್ಲ.

ಆ ರಾತ್ರಿ ಎರಡು ಬದಲಾವಣೆ ಮಾಡಿದೆ. ಹೊಸ ಪಟ್ಟಿ ತೆರೆದ ಕೂಡಲೇ ಫೋನೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಎಷ್ಟು ಸಲ ಬಟನ್ ಒತ್ತಿದರೂ ಅದೇ ಸಂಖ್ಯೆ ಹೋಗುತ್ತದೆ. ಸರ್ವರ್ ಕಡೆ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಟೇಬಲ್‌ನಲ್ಲಿ ಆ ಸಂಖ್ಯೆಯ ಮೇಲೆ ಯುನೀಕ್ ಕನ್‌ಸ್ಟ್ರೇಂಟ್, ಅಂದರೆ ಒಂದೇ ಸಂಖ್ಯೆ ಎರಡು ಸಲ ಬರಬಾರದು ಎಂಬ ನಿಯಮ, ಹಾಕಿದೆ. ಎರಡನೇ ರಿಕ್ವೆಸ್ಟ್ ಬಂದರೆ ಡೇಟಾಬೇಸೇ ತಡೆಯುತ್ತದೆ, ನಾವು ಮೊದಲಿನ ಪಟ್ಟಿಯನ್ನೇ ತಿರುಗಿ ಕಳಿಸುತ್ತೇವೆ. ಇದಕ್ಕೆ ಐಡೆಂಪೊಟೆನ್ಸಿ ಅನ್ನುತ್ತಾರೆ. ಆ ಪದವನ್ನು ಎಷ್ಟೋ ಕಡೆ ಓದಿದ್ದೆ. ಆದರೆ ಅದು ಮನಸ್ಸಿಗೆ ಇಳಿದದ್ದು ಕೈಯಲ್ಲಿ ಎರಡು ಪಟ್ಟಿ ಹಿಡಿದು ನಿಂತಾಗ.

ಅಲ್ಲಿಂದ ಮುಂದೆ ನಾನು ಒಂದು ರೂಢಿ ಇಟ್ಟುಕೊಂಡೆ. ತಿಂಗಳಿಗೊಮ್ಮೆ ರೈಲಿನಲ್ಲಿ ಬ್ಯಾಡಗಿಗೆ ಹೋಗಿ, ಅಂಗಡಿಯ ಗಾದಿ ಪಕ್ಕದಲ್ಲಿ ಸುಮ್ನೆ ಕೂರುವುದು. ಬೆಂಗಳೂರು ಮಾರ್ಗದಲ್ಲಿ ಹಾವೇರಿ ದಾಟಿದರೆ ಬ್ಯಾಡಗಿ ಸ್ಟೇಷನ್. ನನ್ನ ಮಟ್ಟಿಗೆ ಯಾವ ಕೋರ್ಸ್ ಕೂಡ ಅದರಷ್ಟು ಕಲಿಸಲಿಲ್ಲ.

ಎಸ್ಎಂಎಸ್ ವಿಷಯ ಹೊಳೆದದ್ದೂ ಅಲ್ಲೇ ಕೂತಾಗ. ಪಟ್ಟಿ ಆದ ಮೇಲೆ ರೈತರಿಗೆ ಇಂಗ್ಲಿಷಿನಲ್ಲಿ ಸಂದೇಶ ಹೋಗುತ್ತಿತ್ತು. ಒಬ್ಬ ಅಜ್ಜ ಫೋನನ್ನು ನನ್ನ ಮುಂದೆ ಹಿಡಿದು "ಇದನ್ನ ಓದಿ ಹೇಳಪಾ" ಅಂದರು. ಮರುದಿನವೇ ಕನ್ನಡಕ್ಕೆ ಬದಲಿಸಿದೆ. ತಿಂಗಳ ಕೊನೆಗೆ ಬಿಲ್ ನೋಡಿದರೆ ಮೊದಲಿನದಕ್ಕಿಂತ ಎಷ್ಟೋ ಪಟ್ಟು! ಇಂಗ್ಲಿಷ್ ಆದರೆ ಒಂದು ಎಸ್ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಬಂದರೂ ಅದು 70ಕ್ಕೆ ಇಳಿಯುತ್ತದೆ. ಅದನ್ನೂ ಮೀರಿದರೆ ತುಂಡಿಗೆ 67 ಮಾತ್ರ, ದುಡ್ಡು ತುಂಡಿನ ಲೆಕ್ಕದಲ್ಲಿ. ಮೇಲಾಗಿ ನಾವು ಎಣಿಸುವ ಅಕ್ಷರ ಬೇರೆ, ಯಂತ್ರ ಎಣಿಸುವುದು ಬೇರೆ. "ಬ್ಯಾಡಗಿ" ನಮಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಬ, ಅರ್ಧಾಕ್ಷರದ ಗುರುತು, ಯ, ದೀರ್ಘ, ಡ, ಗ, ಗುಡಿಸು ಎಂದು ಏಳು.

ಇಂಗ್ಲಿಷಿಗೆ ಹಿಂದಿರುಗೋಣ ಎಂದು ಕಚೇರಿಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ತನ್ನ ಮಾಲಿನ ಲೆಕ್ಕ ತನಗೇ ಓದಲು ಬರದಿದ್ದರೆ ಆ ಸಂದೇಶ ಯಾಕೆ ಬೇಕು? ಇಡೀ ದಿನ ಕೂತು ಸಾಲನ್ನು ಕತ್ತರಿಸಿದೆ. "ಲಾಟ್ 41, 12 ಚೀಲ, 4.86 ಕ್ವಿಂ, ಒಟ್ಟು ರೂ" ಎಂಬಷ್ಟಕ್ಕೆ ತಂದು 70ರೊಳಗೆ ಕೂರಿಸಿದೆ. ಈ ಕೆಲಸವನ್ನು ನಾನು ಇವತ್ತಿಗೂ ಅಭಿಮಾನದಿಂದ ನೆನೆಯುತ್ತೇನೆ.

ಕಲಿತ ಇನ್ನೊಂದು ಪಾಠ: ದುಡ್ಡನ್ನು ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಾಗಿ ಇಡುವ ಬಗೆ) ಇಡಬೇಡಿ. ಕಂಪ್ಯೂಟರಿನ ಫ್ಲೋಟ್ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ನಾವು ರೂಪಾಯಿಯನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಇಡುತ್ತೇವೆ. ಹಾಗೆಯೇ ಬ್ಯಾಕಪ್. ಪ್ರತಿ ರಾತ್ರಿ ತೆಗೆಯುತ್ತಿದ್ದೆವು, ಒಮ್ಮೆಯೂ ಅದರಿಂದ ಡೇಟಾಬೇಸ್ ಮರಳಿ ಎಬ್ಬಿಸಿ ನೋಡಿರಲಿಲ್ಲ. ನೋಡಿದ ದಿನ ಡಿಸ್ಕ್ ತುಂಬಿ ಹೋಗಿ ಫೈಲುಗಳು ಅರ್ಧಕ್ಕೇ ನಿಂತಿದ್ದವು. ಈಗ ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಎಬ್ಬಿಸಿ, ಪಟ್ಟಿಗಳ ಎಣಿಕೆ ತಾಳೆ ನೋಡುತ್ತೇವೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಸ್ಟಾರ್ಟಪ್‌ನವರು ಸೇರಿದಲ್ಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತಿತ್ತು: ಮೈಕ್ರೋಸರ್ವೀಸ್, ಅಂದರೆ ಸಾಫ್ಟ್‌ವೇರನ್ನು ಬಿಡಿಬಿಡಿ ಸಣ್ಣ ಸರ್ವೀಸ್‌ಗಳಾಗಿ ಒಡೆಯುವುದು, ಯಾಕೆ ಮಾಡಿಲ್ಲ? ನಮ್ಮದು ಒಂದು ಸರ್ವರ್, ಒಂದು ಪೋಸ್ಟ್‌ಗ್ರೆಸ್. ವರದಿ ನಿಧಾನವಾದಾಗ ನಾನೂ ಅತ್ತ ವಾಲಿದ್ದೆ. ಎಕ್ಸ್‌ಪ್ಲೇನ್ ಅನಲೈಸ್ (ಡೇಟಾಬೇಸ್ ಉತ್ತರವನ್ನು ಹೇಗೆ ಹುಡುಕುತ್ತದೆ ಎಂದು ತೋರಿಸುವ ಆದೇಶ) ಹಾಕಿ ನೋಡಿದರೆ, ಒಂದು ಅಂಗಡಿಯ ಒಂದು ದಿನದ ಲೆಕ್ಕಕ್ಕೆ ಡೇಟಾಬೇಸ್ ಇಡೀ ಟೇಬಲ್ ಓದುತ್ತಿತ್ತು. ಅಂಗಡಿ ಮತ್ತು ದಿನಾಂಕ ಸೇರಿಸಿ ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯಂಥದ್ದು) ಹಾಕಿದೆ. ಬೇನೆ ಅಲ್ಲಿಗೇ ಹೋಯಿತು. ಇಬ್ಬರು ಡೆವಲಪರ್‌ಗಳಿಗೆ ಹತ್ತು ಸರ್ವೀಸ್ ಕಾಯುವ ಕೆಲಸ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಂಬಳದ ಮಾತನ್ನು ನಮ್ಮ ಕಡೆಯ ಹುಡುಗರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಎರಡನೇ ವರ್ಷ ಇಸಾಪ್ (ಕಂಪನಿಯ ಷೇರನ್ನು ನಿಗದಿ ದರಕ್ಕೆ ಕೊಳ್ಳಲು ನೌಕರರಿಗೆ ಕೊಡುವ ಹಕ್ಕು) ಕೊಡುತ್ತೇವೆ ಅಂದಾಗ ಮಾತ್ರ ಕಾಗದವನ್ನು ಪೂರ್ತಿ ಓದಿದೆ. ಸಾಮಾನ್ಯವಾಗಿ ಈ ಷೇರಿನ ಹಕ್ಕು 4 ವರ್ಷಗಳಲ್ಲಿ ಹಂತಹಂತವಾಗಿ ಸಿಗುತ್ತದೆ. ಮೊದಲ 1 ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಇಲ್ಲ. ಹಾಗಾಗಿ ಮೂರು ಪ್ರಶ್ನೆ ಕೇಳಿದೆ. ಕಂಪನಿಯ ಒಟ್ಟು ಷೇರು ಎಷ್ಟು? ನಾನು ಯಾವ ದರಕ್ಕೆ ಕೊಳ್ಳಬೇಕು? ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಸಿಗುತ್ತದೆ? ಒಟ್ಟು ಗೊತ್ತಿಲ್ಲದಿದ್ದರೆ "ನಿನಗೆ ಇಷ್ಟು ಸಾವಿರ ಷೇರು" ಎಂಬ ಮಾತಿಗೆ ಬೆಲೆಯೇ ಇಲ್ಲ. ಕೊಳ್ಳುವಾಗ ತೆರಿಗೆ ಬೀಳುತ್ತದೆ ಎಂಬುದೂ ನೆನಪಿರಲಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೂರಕ್ಕೂ ಬರಹದಲ್ಲೇ ಉತ್ತರ ಕೊಟ್ಟರು. ಮನೆ ಖರ್ಚು ಮಾತ್ರ ಸಂಬಳದಲ್ಲೇ ನಡೆಯಬೇಕು, ಷೇರಿನ ಮೇಲೆ ಲೆಕ್ಕ ಹಾಕಬಾರದು ಎಂದು ಅಪ್ಪ ಹೇಳಿದ್ದನ್ನು ಪಾಲಿಸಿದ್ದೇನೆ.

ಈಗ ಬ್ಯಾಕೆಂಡ್ ಕಡೆ ಇನ್ನೂ ಇಬ್ಬರಿದ್ದಾರೆ. ಹೊಸದಾಗಿ ಸೇರಿದವರಿಗೆ ಮೊದಲ ವಾರ ಕೋಡ್ ಇಲ್ಲ. ನೋಟ್‌ಬುಕ್ ಕೊಟ್ಟು ಬ್ಯಾಡಗಿಗೆ ಕಳಿಸುತ್ತೇನೆ. ಹೋದ ತಿಂಗಳು ಸೇರಿದ ಹುಡುಗಿ ಮೆಣಸಿನ ಘಾಟಿಗೆ ಸೀನುತ್ತಲೇ ವಾಪಸ್ ಬಂದಳು. "ಅಣ್ಣಾ, ಟೆಂಡರ್ ದರ ಒಪ್ಪದೇ ರೈತರು ಮಾಲು ಹಿಡಿದಿಟ್ಟುಕೊಂಡರೆ ಅದಕ್ಕೆ ನಮ್ಮ ಟೇಬಲ್‌ನಲ್ಲಿ ಜಾಗ ಎಲ್ಲಿದೆ? ದಿವಾನಜಿ ಲಾಟ್ ಅಳಿಸಿ, ಮುಂದಿನ ಟೆಂಡರ್‌ಗೆ ಮತ್ತೆ ಹೊಸದಾಗಿ ಬರೆಯಾಕತ್ತಾರ" ಅಂದಳು.

ಜಾಗ ಇರಲಿಲ್ಲ. ಮೂರು ವರ್ಷ ಹೋಗಿ ಬಂದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಈ ವಾರ ಆ ಕಾಲಂ ಅವಳೇ ಸೇರಿಸುತ್ತಿದ್ದಾಳೆ.