ಕುದಿಸಿದರೂ ಹೋಗದ ನೈಟ್ರೇಟ್: ನಮ್ಮ ಶಿಶುಪಾಲನಾ ಕೇಂದ್ರದ ನೀರಿನ ಕಥೆ

ನಮ್ಮ ಕೇಂದ್ರದ ಮಕ್ಕಳ ಅಪ್ಪ-ಅಮ್ಮಂದಿರೆಲ್ಲ ಹೊಲದಲ್ಲಿ ಕೂಲಿ ಮಾಡುವವರು. ನೀರು ಹೊಲದ ಪಕ್ಕದ ಬೋರ್‌ವೆಲ್‌ನದು. ತಿಳಿಯಾಗಿತ್ತು, ವಾಸನೆಯೂ ಇರಲಿಲ್ಲ. ಕುದಿಸಿ ಆರಿಸಿ ಕೊಟ್ಟರೆ ಸಾಕು ಅಂದುಕೊಂಡಿದ್ದೆ.

ಸುಮ್ನೆ ಒಮ್ಮೆ ಲ್ಯಾಬಿಗೆ ಕೊಟ್ಟೆ. ನೈಟ್ರೇಟ್! ಗೊಬ್ಬರದಲ್ಲಿರುವ, ನೀರಲ್ಲಿ ಕರಗುವ ಲವಣ ಅದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ, ನಮ್ಮದು ಅದನ್ನು ದಾಟಿತ್ತು. ಹೊಲಕ್ಕೆ ಹಾಕಿದ ಗೊಬ್ಬರ ನೀರಿನ ಜೊತೆ ನೆಲಕ್ಕಿಳಿದರೆ ಹೀಗಾಗುತ್ತದೆ. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ನಾವು ಅದರಲ್ಲೇ ಕೂಸುಗಳಿಗೆ ಹಾಲಿನ ಪುಡಿ ಕಲಸುತ್ತಿದ್ದೆವು. ಆರು ತಿಂಗಳೊಳಗಿನ ಮಕ್ಕಳ ರಕ್ತಕ್ಕೆ ಆಮ್ಲಜನಕ ಸಾಗಿಸಲು ಇದು ಅಡ್ಡಿಯಾಗಿ, ಮೈ ನೀಲಿಗಟ್ಟಬಹುದು. ಓದಿ ಕೈ ನಡುಗಿತು.

ಅವತ್ತೇ ಕ್ಯಾನ್ ನೀರು ತರಿಸಿದೆ. ಆಮೇಲೆ ಅವಸರಪಟ್ಟು ಇದ್ದಿಲಿನ ಫಿಲ್ಟರ್ ಕೂಡಿಸಿದೆ. ದುಡ್ಡು ದಂಡ. ಅದು ವಾಸನೆ, ಕ್ಲೋರಿನ್ ತೆಗೆಯುತ್ತದೆ, ನೈಟ್ರೇಟನ್ನಲ್ಲ. ಕೊನೆಗೆ ಆರ್‌ಓ, ಅಂದರೆ ತೆಳು ಪೊರೆಯಲ್ಲಿ ನೀರು ಸೋಸುವ ಯಂತ್ರ, ಹಾಕಿಸಿ ಮತ್ತೆ ಪರೀಕ್ಷೆ ಮಾಡಿಸಿದೆ. ಮಿತಿಯೊಳಗೆ ಬಂತು. ಆ ಪೊರೆ (ಮೆಂಬ್ರೇನ್) ಹಳತಾದರೆ ಸೋಸುವುದು ಕಡಿಮೆಯಾಗುತ್ತದೆ, ಅದಕ್ಕೇ ಆಗಾಗ ಲ್ಯಾಬಿಗೆ ಕೊಡುತ್ತೇನೆ.

ಮಕ್ಕಳು ಮಾತ್ರ ಕೈ ತೊಳೆಯುವ ನಲ್ಲಿಗೇ ಬಾಯಿ ಹಚ್ಚುತ್ತಿದ್ದರು. ಅದಕ್ಕೆ ಕೆಂಪು ಟೇಪ್ ಸುತ್ತಿದೆ, ಕುಡಿಯುವ ನಲ್ಲಿಗೆ ಹಸಿರು. ಈಗ ನಾನು ಮರೆತು ಕೆಂಪು ನಲ್ಲಿಗೆ ಲೋಟ ಹಿಡಿದರೆ ಅವರೇ ಕೂಗುತ್ತಾರೆ.